ಒದ್ದೆ ರಸ್ತೆಗೆ ನಾಲ್ಕು ಟೈರು

ಕೆಂಪು ಕಾರು ಟೈರಿನ ಅಂಗಡಿಯ ಮುಂದೆ ಬಂದು ನಿಂತಾಗ ಟೈರಕ್ಕ ಕಾರನ್ನು ನೋಡಲಿಲ್ಲ, ಅದರೊಳಗಿನಿಂದ ಇಳಿದವನನ್ನೂ ನೋಡಲಿಲ್ಲ. ಅವಳು ನೋಡಿದ್ದು ಟೈರನ್ನು. ಮೂವತ್ತೈದು ದಾಟಿದ ಹೆಣ್ಣಿಗೆ ಇದು ಒಳ್ಳೆಯ ಚಾಳಿಯಲ್ಲ ಎಂದು ಅತ್ತಿಗೆ ಹೇಳಿ ಹೇಳಿ ಸೋತಿದ್ದಳು. "ಜನರ ಮುಖ ನೋಡೋದು ಯಾವಾಗ ಕಲೀತೀಯೆ ಮಾರಾಯ್ತಿ?"

ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಅದು. ಮೈಯೆಲ್ಲ ಹೊಳಪು, ಕಾಲಿಗೆ ಮಾತ್ರ ಗತಿಯಿಲ್ಲ. ಟೈರುಗಳು ಬೋಳಾಗಿ ನುಣ್ಣಗೆ ಮಿರುಗುತ್ತಿದ್ದವು.

"ಮೊನ್ನೆ ಮಳೇಲಿ ಕೆರೆ ತಿರುವಿನ ಹತ್ತಿರ ಜಾರಿಬಿಡ್ತು," ಎಂದ ಅವನು, ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ. "ಗಿರ್ರಂತ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತ್ಕೊಂಡಿತು. ಮನೆಗೆ ಹೋಗಯ್ಯ ಅಂತ ಕಾರೇ ಹೇಳಿದ ಹಾಗಾಯ್ತು."

"ನಿಮಗಿಂತ ಅದಕ್ಕೇ ಬುದ್ಧಿ ಜಾಸ್ತಿ ಇದೆ ಬಿಡಿ."

ಅವನು ನಕ್ಕ. ಆಗ ಅವಳು ಮುಖ ನೋಡಿದಳು. ತೆಳು ಚೌಕಟ್ಟಿನ ಕನ್ನಡಕ, ಕಿವಿಯ ಬಳಿ ಒಂದೆರಡು ಬಿಳಿ ಕೂದಲು. ನಗು ತುಟಿಯಲ್ಲಿ ಶುರುವಾಗಿ ಕಣ್ಣಿಗೆ ಹೋಗುವಷ್ಟರಲ್ಲಿ ದಾರಿ ತಪ್ಪಿದಂತಿತ್ತು. ಎರಡು ಬೀದಿ ಆಚೆಗಿನ ಕನ್ನಡಕದ ಅಂಗಡಿಯವನು ಇವನೇ ಎಂದು ಅವಳಿಗೆ ಗೊತ್ತಾದದ್ದು ಆಮೇಲೆ.

ಹಳೆಯ ಟೈರನ್ನು ಅಂಗೈಯಲ್ಲಿ ಸವರಿ ನೋಡದೆ ಟೈರಕ್ಕ ಯಾರಿಗೂ ಹೊಸದನ್ನು ಕೊಡುತ್ತಿರಲಿಲ್ಲ. ಅದು ಅವಳ ಪದ್ಧತಿ. ಗಲ್ಲಾದಲ್ಲಿ ಕೂರುವ ಅಣ್ಣ ಇದಕ್ಕೆ ನಾಡಿ ಪರೀಕ್ಷೆ ಎಂದು ಹೆಸರಿಟ್ಟಿದ್ದ. ಅವಳು ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ನಾಲ್ಕನ್ನೂ ಸವರಿದಳು.

"ನಿಮ್ಮ ಕಡೆಯ ಟೈರು ಜಾಸ್ತಿ ಸವೆದಿದೆ. ಪಕ್ಕದ ಸೀಟಲ್ಲಿ ಯಾರೂ ಕೂರಲ್ವಾ?"

"ನನ್ನ ಬ್ಯಾಗು ಕೂರುತ್ತೆ."

"ಬ್ಯಾಗಿಗೆ ಅಷ್ಟು ತೂಕ ಇರಲ್ಲ ಸಾರ್."

"ಹೌದು. ಮಾತೂ ಆಡಲ್ಲ," ಎಂದ. ತಮಾಷೆಗೇ ಹೇಳಿದ್ದ. ಆದರೂ ಅವಳು ಎದ್ದು, ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ಒಮ್ಮೆ ಬಗ್ಗಿ ನೋಡಿದಳು.

ಮಳೆ ಬಂದರೆ ಕನ್ನಡಕದ ಅಂಗಡಿಗೆ ನರಪಿಳ್ಳೆಯೂ ಬರುವುದಿಲ್ಲವಂತೆ. ಮನೆಗೆ ಹೋದರೆ ಗೋಡೆಗಳು ಇವನ ಮುಖ ನೋಡುತ್ತವಂತೆ, ಇವನು ಗೋಡೆಗಳ ಮುಖ ನೋಡಬೇಕಂತೆ. ಅದಕ್ಕೇ ಮಳೆ ಶುರುವಾದರೆ ಕಾರು ತೆಗೆದು ಕೆರೆಯ ರಸ್ತೆಯಲ್ಲಿ ಹೋಗಿ ಬರುವುದು ರೂಢಿಯಾಗಿತ್ತು. "ನಲವತ್ತು ತುಂಬಿದ ದಿನ ಯಾರೂ ಕೇಕು ತರಲಿಲ್ಲ. ಹೋಗಲಿ ಅಂತ ನನಗೆ ನಾನೇ ಕಾರು ತಂದ್ಕೊಂಡೆ. ಸೆಕೆಂಡ್ ಹ್ಯಾಂಡು," ಎಂದ.

ಟೈರಕ್ಕ ಎರಡು ಮಾದರಿ ಹೊರಳಿಸಿ ತಂದು ಅವನ ಮುಂದೆ ನಿಲ್ಲಿಸಿದಳು. ಒಂದು ಅಗಲವಾದದ್ದು, ಮೆತ್ತನೆ ರಬ್ಬರಿನದು, ಮೈಮೇಲೆ ಗೀರು ಕಡಿಮೆ. ಒಣ ರಸ್ತೆಯಲ್ಲಿ ಹಲ್ಲಿಯ ಹಾಗೆ ಕಚ್ಚಿಕೊಳ್ಳುತ್ತದೆ, ನೋಡಲಿಕ್ಕೂ ಗತ್ತು. ಇನ್ನೊಂದು ತುಸು ಕಿರಿದು. ಮಧ್ಯದಿಂದ ಎರಡೂ ಅಂಚಿಗೆ ಆಳವಾದ ಕಾಲುವೆಗಳು ಓರೆಯಾಗಿ ಹರಿದಿದ್ದವು.

"ಇದು ಚೆನ್ನಾಗಿದೆ," ಎಂದು ಅವನು ಅಗಲದ್ದನ್ನೇ ಮುಟ್ಟಿದ. ಎಲ್ಲರೂ ಮುಟ್ಟುವುದು ಅದನ್ನೇ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಅಗಲ ಜಾಸ್ತಿ ಆದಷ್ಟೂ ಕಾರು ನೀರಿನ ಮೇಲೆ ತೇಲುತ್ತೆ ಸಾರ್. ತೇಲಿದ ಮೇಲೆ ಬ್ರೇಕು ಒತ್ತಿದ್ರೂ ಒಂದೇ, ದೇವರನ್ನ ಕರೆದ್ರೂ ಒಂದೇ. ಇದು ನೋಡಿ, ಈ ಕಾಲುವೆ ನೀರನ್ನ ಆಚೆ ದಬ್ಬಿ ರಸ್ತೆ ಹಿಡ್ಕೊಳ್ಳುತ್ತೆ. ಈಗ ಹೇಳಿ, ಇದಾ? ಇದಾ?"

ಅವನು ಟೈರು ಬಿಟ್ಟು ಅವಳನ್ನೇ ನೋಡಿದ. "ದಿನಾ ಜನರ ಕಣ್ಣಿಗೆ ಗಾಜು ಇಟ್ಟು ನಾನು ಕೇಳೋದೂ ಇದನ್ನೇ. ಇದು ಸ್ಪಷ್ಟವಾ, ಇದಾ? ನನ್ನನ್ನ ಹೀಗೆ ಯಾರೂ ಕೇಳಿರಲಿಲ್ಲ. ಯೋಚನೆ ಮಾಡಿ ಹೇಳ್ಲಾ?"

ಅವನ ಯೋಚನೆ ಒಂದು ದಿನಕ್ಕೆ ಮುಗಿಯಲಿಲ್ಲ. ಮರುದಿನ ಗಾಳಿ ಎಷ್ಟಿರಬೇಕು ಎಂದು ಕೇಳಲು ಬಂದ. ಅದರ ಮರುದಿನ ಮುಂದಿನ ಚಕ್ರಕ್ಕೊಂದು ತರಹ, ಹಿಂದಿನದಕ್ಕೊಂದು ತರಹ ಹಾಕಬಹುದೇ ಎಂದು ಕೇಳಲು ಬಂದ. "ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಹವಾಯಿ ಚಪ್ಪಲಿ ಹಾಕ್ಕೊಂಡು ಓಡಿ ನೋಡಿ, ಗೊತ್ತಾಗುತ್ತೆ," ಎಂದಳು ಟೈರಕ್ಕ. ಅವನು ಗಂಭೀರವಾಗಿ ತಲೆಯಾಡಿಸಿ, ಇನ್ನೇನಾದರೂ ಕೇಳುವುದಿದೆಯೇ ಎಂದು ಹುಡುಕುವವನ ಹಾಗೆ ಅಂಗಡಿಯ ಸೂರು ನೋಡುತ್ತಾ ನಿಂತ.

ಆ ದಿನಗಳಲ್ಲಿ ಅವಳು ಕೈಯನ್ನು ಎರಡೆರಡು ಸಲ ಸೋಪು ಹಾಕಿ ತೊಳೆಯತೊಡಗಿದಳು. ಉಗುರಿನ ಸಂದಿಯ ಕಪ್ಪು ಏನು ಮಾಡಿದರೂ ಹೋಗಲಿಲ್ಲ. ಹಿಂದೆ ಒಂದೆರಡು ಸಂಬಂಧ ಬಂದಾಗ ಆ ಕೈ ನೋಡಿ ಹೋದವರು ತಿರುಗಿ ಬಂದಿರಲಿಲ್ಲ. ಆಮೇಲೆ ಕೇಳುವವರೂ ನಿಂತರು. ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅವಳ ವಾಸ. ಸಂಜೆ ಶಟರ್ ಎಳೆದು ಅಣ್ಣ ಹೆಂಡತಿ ಮಕ್ಕಳ ಹತ್ತಿರ ಹೋಗುತ್ತಿದ್ದ. ಅವಳು ಮೆಟ್ಟಿಲು ಹತ್ತಿ ಒಂದು ತಟ್ಟೆ, ಒಂದು ಲೋಟ ತೆಗೆದುಕೊಂಡು ಅಡುಗೆ ಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಿದ್ದಳು. ಒಬ್ಬಳಿಗೋಸ್ಕರ ಕೂತು ಉಣ್ಣುವುದು ಅವಳಿಗೆ ಯಾಕೋ ದೊಡ್ಡ ಸಂಭ್ರಮದ ಹಾಗೆ ಕಾಣುತ್ತಿತ್ತು.

"ಅವರಿಗೆ ಮೆತ್ತನೇದೇ ಕೊಟ್ಟು ಕಳಿಸೇ," ಎಂದ ಅಣ್ಣ ಒಂದು ಮಧ್ಯಾಹ್ನ. "ಕೇಳ್ತಿರೋದೂ ಅದನ್ನೇ. ಬೇಗ ಸವೆಯುತ್ತೆ, ಮುಂದಿನ ಮಳೆಗಾಲದೊಳಗೆ ಮತ್ತೆ ಬಂದೇ ಬರ್ತಾರೆ. ಕಾಲುವೆದು ಕೊಟ್ಯೋ, ವರ್ಷಗಟ್ಟಲೆ ಈ ಕಡೆ ತಲೆ ಹಾಕಲ್ಲ."

ಅಣ್ಣ ಹೇಳಿದ್ದು ವ್ಯಾಪಾರದ ಮಾತು. ಅವಳಿಗೆ ಕೇಳಿಸಿದ್ದೇ ಬೇರೆ. ಮತ್ತೆ ಬಂದೇ ಬರುತ್ತಾರೆ. ಅವಳು ಬಾಯಿ ತೆರೆದು ಹೂಂ ಎಂದರೆ ಸಾಕಿತ್ತು; ಯಾರೂ ಅದನ್ನು ಮೋಸ ಎನ್ನುತ್ತಿರಲಿಲ್ಲ. ಆ ಸಂಜೆ ತಟ್ಟೆ ಹಿಡಿದು ನಿಂತವಳು ಅರ್ಧಕ್ಕೇ ಕೈ ತೊಳೆದಳು. ಕಣ್ಣು ಮುಚ್ಚಿದರೆ ಕೆರೆಯ ತಿರುವು, ಗಿರಗಿರನೆ ಸುತ್ತುವ ಕೆಂಪು ಕಾರು.

ಬೆಳಿಗ್ಗೆ ಅವನು ಬಂದಾಗ ಅವಳೇ ಹೇಳಿದಳು, ಅವನ ಮುಖ ನೋಡದೆ. "ಕಾಲುವೆದೇ ಹಾಕ್ತೀನಿ ಸಾರ್. ತುಂಬಾ ವರ್ಷ ಬರುತ್ತೆ. ನೀವು ಪದೇ ಪದೇ ಈ ಕಡೆ ಬರೋ ತೊಂದ್ರೆ ಇರಲ್ಲ."

"ತುಂಬಾ ವರ್ಷ," ಎಂದ ಅವನು. "ಸರಿ. ನೀವು ಹೇಳಿದ ಹಾಗೇ ಆಗಲಿ." ಅವನ ದನಿ ಇದ್ದಕ್ಕಿದ್ದಂತೆ ಗಿರಾಕಿಯ ದನಿಯಾಗಿತ್ತು.

ಈ ಜಾತಿಯ ಟೈರಿನ ಪಕ್ಕೆಯಲ್ಲಿ ಸಣ್ಣ ಅಕ್ಷರಗಳ ಜೊತೆ ಒಂದು ಬಾಣ ಇರುತ್ತದೆ. ಚಕ್ರ ಆ ಬಾಣದ ಕಡೆಗೇ ಉರುಳಬೇಕು. ತಿರುಗುಮುರುಗಾದರೆ ಕಾಲುವೆ ನೀರನ್ನು ಆಚೆ ದಬ್ಬುವ ಬದಲು ಒಳಕ್ಕೆ ಬಾಚಿಕೊಳ್ಳುತ್ತದೆ. ಬಾಣ ನೋಡಿ, ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು, ಆಮೇಲೇ ರಿಮ್ಮಿಗೆ ಕೂರಿಸುವುದು ಟೈರಕ್ಕನ ಕ್ರಮ. ಆ ದಿನವೂ ಗೀಟು ಎಳೆದಳು. ಆದರೆ ಕಣ್ಣು ಟೈರಿನ ಮೇಲಿರಲಿಲ್ಲ. ಅಂಗಡಿ ಬಾಗಿಲಲ್ಲಿ ಮಳೆ ನೋಡುತ್ತಾ ನಿಂತ ಬೆನ್ನೊಂದರ ಮೇಲಿತ್ತು.

ಕೆಲಸ ಮುಗಿಯಿತು. "ಬರ್ತೀನಿ ಮೇಡಂ," ಎಂದ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕಾರು ಅಂಗಡಿಯಿಂದ ಇಳಿದು ಮಳೆಯಲ್ಲಿ ಮರೆಯಾಯಿತು. ಅವಳು ಪೊರಕೆ ಹಿಡಿದಳು. ಮನಸ್ಸು ಕೆಟ್ಟಾಗ ನೆಲ ಗುಡಿಸುವುದು ಅವಳಿಗೆ ಮೊದಲಿನಿಂದ ಬಂದ ಅಭ್ಯಾಸ.

ರಿಮ್ಮಿಗೆ ಜಾರಿ ಕೂರಲೆಂದು ಟೈರಿಗೆ ಹಚ್ಚಿದ ಸೋಪು ನೀರು ನೆಲದ ಮೇಲೆಲ್ಲ ಚೆಲ್ಲಿತ್ತು. ಅದರ ಮೇಲೆ ಹಾದುಹೋದ ಚಕ್ರಗಳ ಗುರುತು ಒಣ ಸಿಮೆಂಟಿನ ಮೇಲೆ ಸ್ಪಷ್ಟವಾಗಿ ಮೂಡಿತ್ತು. ಎಡಗಡೆಯ ಸಾಲಿನಲ್ಲಿ ಕಾಲುವೆಯ ಮೊನೆಗಳೆಲ್ಲ ಒಂದು ದಿಕ್ಕಿಗಿದ್ದವು. ಬಲಗಡೆಯ ಸಾಲಿನಲ್ಲಿ, ಹಿಂದಿನ ಚಕ್ರ ಕೊನೆಗೆ ಹಾದ ಕಡೆ, ಅವು ಅದರ ವಿರುದ್ಧ ದಿಕ್ಕಿಗಿದ್ದವು.

ಪೊರಕೆ ಬಿಟ್ಟು ಅವಳು ಬಗ್ಗಿ ನೋಡಿದಳು. ಹಿಂದಿನ ಬಲಚಕ್ರ. ಉಲ್ಟಾ ಕೂರಿಸಿದ್ದಳು. ಇಷ್ಟು ವರ್ಷದ ಕೆಲಸದಲ್ಲಿ ಒಮ್ಮೆಯೂ ಆಗದ ತಪ್ಪು, ಅದೂ ಯಾವನು ಕ್ಷೇಮವಾಗಿರಲಿ ಎಂದು ಅವನನ್ನೇ ಕಳೆದುಕೊಂಡಳೋ ಅವನ ಕಾರಿನಲ್ಲಿ. ಫೋನು ಮಾಡಿದಳು, ಎತ್ತಲಿಲ್ಲ. ಹೊರಗೆ ಮಳೆ ಧೋ ಎನ್ನುತ್ತಿತ್ತು. ಮಳೆ ಬಂದರೆ ಅವನು ಹೋಗುವ ದಾರಿ ಒಂದೇ.

"ಎಲ್ಲಿಗೇ?" ಎಂದು ಅಣ್ಣ ಕೂಗುವಷ್ಟರಲ್ಲಿ ಅಂಗಡಿಯ ವ್ಯಾನು ಬೀದಿ ದಾಟಿತ್ತು.

ಕೆರೆಯ ರಸ್ತೆಯಲ್ಲಿ ವೈಪರಿಗೆ ನೀರು ಬಗ್ಗುತ್ತಿರಲಿಲ್ಲ. ಮೆತ್ತನೆಯದನ್ನೇ ಕೊಟ್ಟಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲ ಎಂದು ಅವಳು ತನ್ನನ್ನು ಬೈದುಕೊಂಡಳು, ಗಟ್ಟಿಯಾಗಿ, ವ್ಯಾನಿನಲ್ಲಿ ಒಬ್ಬಳೇ. ತಿರುವಿಗೆ ಸ್ವಲ್ಪ ಮೊದಲು ಮರದ ಕೆಳಗೆ ಕೆಂಪು ಬಣ್ಣ ಕಂಡಿತು. ಕಾರು ಅಲ್ಲಾಡದೆ ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ವ್ಯಾನನ್ನು ಅದರ ಹಿಂದೆಯೇ ನಿಲ್ಲಿಸಿದಳು.

ಇಳಿದು ಓಡಿದಳು. ಅವನು ಕಾರಿನ ಆಚೆ ಬದಿಯಲ್ಲಿ ಕೊಡೆ ಹಿಡಿದು, ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ಅವಳ ಹಾಗೆಯೇ ಅಂಗೈಯಲ್ಲಿ ಟೈರು ಸವರುತ್ತಿದ್ದ.

"ಬಾಣ ಉಲ್ಟಾ ಇದೆ," ಎಂದಳು ಅವಳು, ಏದುಸಿರಲ್ಲಿ. "ನನ್ನದೇ ತಪ್ಪು. ನಾನು ನೋಡಲಿಲ್ಲ."

"ಗೊತ್ತು. ಸಣ್ಣ ಅಕ್ಷರ ಓದೋದೇ ನನ್ನ ಕಸುಬು." ಅವನು ಎದ್ದು ಕೊಡೆಯನ್ನು ಅವಳ ತಲೆಯ ಮೇಲೆ ಸರಿಸಿದ. ಅವನ ಹೆಗಲು ನೆನೆಯತೊಡಗಿತು. "ನಿಲ್ಲಿಸಿ ತುಂಬ ಹೊತ್ತಾಯ್ತು."

"ನೋಡಿದ ಮೇಲೆ ವಾಪಸ್ ಬರೋದು ತಾನೇ? ಏನಾದ್ರೂ ಆಗಿದ್ರೆ?"

"ಬಂದಿದ್ರೆ ನೀವು ಕ್ಷಣದಲ್ಲಿ ಸರಿ ಮಾಡಿ ಕಳಿಸಿಬಿಡ್ತಿದ್ರಿ. ಆಮೇಲೆ ತುಂಬಾ ವರ್ಷ ಕೆಲಸ ಇರಲ್ಲ ಅಂತ ನೀವೇ ಹೇಳಿದ್ರಿ. ಕೈಗೆ ಸಿಕ್ಕಿರೋದು ಇದೊಂದೇ ನೆಪ. ಇವತ್ತೇ ಖರ್ಚು ಮಾಡ್ಲಾ, ನಾಳೆಗೆ ಇಟ್ಕೊಳ್ಳಲಾ ಅಂತ ಯೋಚಿಸ್ತಿದ್ದೆ."

ಟೈರಕ್ಕನಿಗೆ ಅಳುವೂ ಬಂತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಮಾತು ಹೊರಟಿತು.

"ಮೆತ್ತನೇದು ಕೊಟ್ಟಿದ್ರೆ ನೀವು ಬೇಗ ಬರ್ತಿದ್ರಿ. ನನಗೆ ಗೊತ್ತಿತ್ತು. ಕೊಡೋಕೆ ಮನಸ್ಸೂ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಅನ್ನಿಸ್ತು, ನನ್ನ ಅಂಗಡಿಗೆ ಬರದಿದ್ರೂ ಪರವಾಗಿಲ್ಲ, ಎಲ್ಲೋ ಒಂದು ಕಡೆ ನೀವು ಚೆನ್ನಾಗಿರಿ ಅಂತ. ಹಾಗಂದ್ಕೊಂಡು ಅಳು ನುಂಗ್ತಾ ಕೂರಿಸಿದ್ದಕ್ಕೇ ಬಾಣ ತಪ್ಪಿದ್ದು."

ಅವನು ಕನ್ನಡಕ ತೆಗೆದ. ಗಾಜಿನ ತುಂಬ ಮಳೆಹನಿ. ಒರೆಸಲು ಒಣಗಿದ ಬಟ್ಟೆ ಮೈಮೇಲೆ ಎಲ್ಲೂ ಇರಲಿಲ್ಲ.

"ಅದಿಲ್ಲದೆ ನಿಮಗೆ ಕಾಣುತ್ತಾ?" ಎಂದಳು.

"ದೂರದ್ದು ಕಾಣಲ್ಲ. ಹತ್ತಿರದ್ದು ಚೆನ್ನಾಗಿ ಕಾಣುತ್ತೆ," ಎಂದ ಅವನು. ಈ ಸಲ ನಗು ಕಣ್ಣಿನವರೆಗೂ ಹೋಯಿತು. ಅವಳು ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು. ಅವನು ಅದನ್ನೂ ನೋಡಿದ. ಅಂಗೈ ಚಾಚಿದ. ಟೈರು ಸವರಿ ಅದೂ ಕಪ್ಪಾಗಿತ್ತು. ಅವಳು ಸ್ವಲ್ಪ ಹೊತ್ತು ಆ ಕೈಯನ್ನು ನೋಡಿ, ತನ್ನದನ್ನು ಅದರಲ್ಲಿಟ್ಟಳು.

"ವ್ಯಾನು ಇಲ್ಲೇ ಇರಲಿ. ಅಣ್ಣ ತಗೊಂಡು ಹೋಗ್ತಾನೆ," ಎಂದಳು ಕೊನೆಗೆ. "ಕಾರನ್ನ ಅಂಗಡಿಗೆ ತರಬೇಕು. ನಿಧಾನಕ್ಕೆ ಓಡಿಸಿದ್ರೆ ಏನೂ ಆಗಲ್ಲ. ತುಂಬಾ ನಿಧಾನಕ್ಕೆ."

"ಅಷ್ಟು ನಿಧಾನ ಆದ್ರೆ ಸಂಜೆ ಆಗಿಬಿಡುತ್ತೆ."

"ಆಗಲಿ."

ಅವನು ಕನ್ನಡಕ ಮೂಗಿಗೇರಿಸಿ, ಪಕ್ಕದ ಸೀಟಿನ ಬ್ಯಾಗನ್ನು ಎತ್ತಿ ಹಿಂದಕ್ಕೆ ತುರುಕಿದ. ಟೈರಕ್ಕ ಕೂತಳು. ಯಾರೂ ಎಳೆಯದ ಸೀಟ್ ಬೆಲ್ಟು ಬಿಗಿಯಾಗಿತ್ತು. ಎರಡು ಸಲ ಜಗ್ಗಿದ ಮೇಲೆ ಬಂತು. ಕಾರು ಹೊರಟಿತು. ಕೆರೆಯ ನೀರಿನ ಮೇಲೆ ಮಳೆ ಬೀಳುತ್ತಲೇ ಇತ್ತು.

ಹಿಂದಿನಿಂದ ಸೈಕಲ್ಲಿನಲ್ಲಿ ಬಂದ ಮುದುಕರೊಬ್ಬರು ಸ್ಪೋರ್ಟ್ಸ್ ಕಾರನ್ನು ದಾಟಿ ಮುಂದೆ ಹೋದರು. ಹೋದವರು ಪಾಪ ಎನ್ನಿಸಿ ಸೈಕಲ್ಲು ನಿಧಾನ ಮಾಡಿ, ಕಿಟಕಿಗೆ ಬಗ್ಗಿದರು. "ಏನಮ್ಮಾ, ಗಾಡಿ ಕೆಟ್ಟಿದೆಯಾ?"

"ಇಲ್ಲ ತಾತ," ಎಂದಳು ಟೈರಕ್ಕ. "ನಮಗೆ ಆತುರ ಇಲ್ಲ, ಅಷ್ಟೇ."