ಕುಳ್ಳಿನ ರಾಶಿಯಲ್ಲಿ ಸಿಕ್ಕ ಫೋನು

2015ರ ಸೆಪ್ಟೆಂಬರ್ 14, ಸೋಮವಾರ, ಬೆಳಿಗ್ಗೆ 10.40. ಶಿರಗುಪ್ಪಿಯ ಕಬ್ಬು ಬೆಳೆಗಾರ ಸುಹಾಸ ತನ್ನ ತಂದೆ ಪಾರಿಸಣ್ಣನವರೊಂದಿಗೆ ಠಾಣೆಗೆ ಬಂದು ದೂರು ಕೊಟ್ಟ. ಶನಿವಾರ ಮುಂಜಾನೆ ಹೆಂಡತಿ ಮಯೂರಿಯ ಸ್ಮಾರ್ಟ್‌ಫೋನ್ ಅಡುಗೆಮನೆಯ ಕಿಟಕಿಯಿಂದ ಕಳುವಾಗಿದೆ. ಪಾತ್ರೆ ತೊಳೆಯುವ ಸತ್ತೆವ್ವನ ಮೇಲೆ ಗುಮಾನಿ. ಎಫ್‌ಐಆರ್ ದಾಖಲಾಯಿತು. ಪಾರಿಸಣ್ಣ ಬಾಯಿ ಬಿಡಲಿಲ್ಲ. ದೊಡ್ಡ ಮನುಷ್ಯರ ಮೌನವನ್ನು ಯಾರೂ ಪ್ರಶ್ನಿಸುವುದಿಲ್ಲ.

ಮಧ್ಯಾಹ್ನ 1.15ಕ್ಕೆ ಪಿಎಸ್‌ಐ ವಿಶ್ವಾಸ ಪಂಚರೊಡನೆ ಸತ್ತೆವ್ವನ ಮನೆ ಶೋಧಿಸಿದರು. ಹಿತ್ತಲಿನಲ್ಲಿ ಸಗಣಿ ತಟ್ಟಿ ಒಣಗಿಸಿದ ಕುಳ್ಳಿನ ರಾಶಿಯೊಳಗೆ ಫೋನು ಸಿಕ್ಕಿತು. ಓಣಿಯೆಲ್ಲ ನೋಡುತ್ತಿತ್ತು.

“ಇದು ಇಲ್ಲಿ ಹ್ಯಾಂಗ ಬಂತು?”

“ನನಗ ಗೊತ್ತಿಲ್ರಿ ಸಾಹೇಬ್ರ.”

“ಫೋನ್ ನಡಕೋತ ಬಂತೇನ? ಜೀಪ್ ಹತ್ತು.”

ಠಾಣೆಯಲ್ಲಿ ಆಕೆಯನ್ನು ಸಂಜೆಯವರೆಗೆ ನೆಲದ ಮೇಲೆ ಕೂರಿಸಿದರು. ಆಕೆ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳೂ ಹೌದು. ನಾಳೆಯಿಂದ ಬರುವುದು ಬೇಡ ಎಂದು ಹೆಡ್‌ಮಾಸ್ತರರು ನಾಲ್ಕು ಗಂಟೆಗೇ ಠಾಣೆಗೆ ಫೋನ್ ಮಾಡಿ ತಿಳಿಸಿಬಿಟ್ಟರು. ಸತ್ತೆವ್ವ ಅಳಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸಂಜೆ 5.30ಕ್ಕೆ ಫೋನಿಗೆ ಸೀಲು ಹಾಕುವಾಗ ಹೆಡ್ ಕಾನ್‌ಸ್ಟೇಬಲ್ ಧೂಳಪ್ಪ ಕೈ ತಡೆದ. ಮೇಜಿನ ಮೇಲೆ ಇರುವೆಗಳ ಸಾಲು ಫೋನಿನವರೆಗೆ ಬಂದಿತ್ತು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ನೀರಿನ ಕಲೆ, ಬ್ಯಾಟರಿಯ ಸುತ್ತ ಅಂಟು ಹರಳು.

“ಸಕ್ಕರಿ ಐತ್ರಿ ಸಾಹೇಬ್ರ. ನೀರಾಗ ಬಿದ್ದದ್ದನ್ನ ಯಾರೋ ಸಕ್ಕರ್ಯಾಗ ಇಟ್ಟು ಒಣಗಿಸ್ಯಾರ.”

ವಿಶ್ವಾಸ ಸತ್ತೆವ್ವನ ಕಡೆ ತಿರುಗಿದರು. “ನಿನ್ನ ಮನ್ಯಾಗ ಸಕ್ಕರಿ ಐತೇನು?”

“ಇಲ್ರಿ. ನಾವು ಬೆಲ್ಲದ ಚಾ ಕುಡ್ಯಾವ್ರು.”

ಶೋಧದ ಪಂಚನಾಮೆಯಲ್ಲೂ ಸಕ್ಕರೆಯ ಡಬ್ಬಿ ಇರಲಿಲ್ಲ. ಆಕೆಯನ್ನು ಮನೆಗೆ ಕಳಿಸಿದರು.

ಮಂಗಳವಾರ ಬೆಳಿಗ್ಗೆ 9ಕ್ಕೆ ವಿಶ್ವಾಸ ಧೂಳಪ್ಪನೊಂದಿಗೆ ಸುಹಾಸನ ಮನೆಗೆ ಹೋದರು. ಶೇರು ಇರುವ ಕಬ್ಬು ಬೆಳೆಗಾರರಿಗೆ ಕಾರ್ಖಾನೆ ಸಕ್ಕರೆಯನ್ನು ಚೀಲದಲ್ಲೇ ಕೊಡುತ್ತದೆ.

“ಶೇರಿನ ಸಕ್ಕರಿ ಎಲ್ಲಿ ಇಡ್ತೀರಿ?”

“ಮಾವಾರ ಖೋಲ್ಯಾಗ್ರಿ,” ಎಂದಳು ಮಯೂರಿ.

ಪಾರಿಸಣ್ಣನವರ ಕೋಣೆಯಲ್ಲಿ ಕಾರ್ಖಾನೆಯ ಚೀಲದ ಬಾಯಿ ಬಿಚ್ಚಿ ಧೂಳಪ್ಪ ಕೈ ಹಾಕಿದ. ನೀರು ಹೀರಿ ಗಟ್ಟಿಯಾದ ಸಕ್ಕರೆಯ ಹೆಂಟೆಯೊಂದು ಮೇಲೆ ಬಂತು. ಅದರಲ್ಲಿ ಫೋನಿನ ಅಚ್ಚು ಮೂಡಿತ್ತು. ಪಾರಿಸಣ್ಣ ಮಂಚದ ಮೇಲೆ ಕುಳಿತು, ಫೋನು ತೆಗೆದವನು ತಾನೇ ಎಂದರು.

ಸತ್ತೆವ್ವನನ್ನು ನೀನು ಎಂದಿದ್ದ ವಿಶ್ವಾಸ ಇವರನ್ನು ನೀವು ಎಂದೇ ಕೇಳಿದರು. ಬೇಕೆಂದು ಮಾಡಿದ್ದಲ್ಲ, ಬಾಯಿಗೆ ಹಾಗೇ ರೂಢಿಯಾಗಿತ್ತು.

“ಎಲ್ಲಿ ಬಿತ್ತು?”

“ಎಮ್ಮಿಗೆ ನೀರು ಕುಡಸೂ ಬಾನ್ಯಾಗ್ರಿ.”

“ಅಕ್ಕ್ಯಾಗ ಯಾಕ ಇಡ್ಲಿಲ್ಲ?”

“ಅಕ್ಕಿ ಅಡಗಿಮನ್ಯಾಗಿತ್ತು. ಕೇಳಿದ್ರ, ಯಾಕ್ರಿ ಅಂತಿದ್ಲು ಸೊಸಿ.”

“ಕುಳ್ಳಿನಾಗ ಯಾಕ ಇಟ್ರಿ?”

“ಆಯ್ತವಾರ ರಾತ್ರಿ ಇಡೀ ಫೋನು ಚಾಲೂ ಆಗ್ಲಿಲ್ಲ. ಮಗಾ ಅಕಿ ಮ್ಯಾಲೆ ಕಂಪ್ಲೇಂಟ್ ಕೊಡ್ತೀನಿ ಅಂತ ಕುಂತಿದ್ದ. ಅಲ್ಲೇ ಸಿಕ್ರ ಎಲ್ಲಾ ಅಲ್ಲಿಗೆ ಮುಗೀತದ ಅನ್ನಿಸ್ತು. ಸೋಮವಾರ ನಸುಕಿನ್ಯಾಗ ಹೋಗಿ ಇಟ್ಟೆ.”

“ಫೋನ್ ತಗೊಂಡು ಏನ್ ಮಾಡಾಕತ್ತಿದ್ರಿ?”

ಮುದುಕರು ಸೊಸೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. “ಕುಸ್ತಿ ನೋಡಾಕತ್ತಿದ್ನಿ. ಕೊಲ್ಲಾಪುರದ್ದು.”

ಸೊಸೆ ಕೂಡಲೇ ಒಳಗೆ ಹೋದಳು. ಎರಡು ವರ್ಷದಿಂದ ಆ ಫೋನಿಗಾಗಿ ಆಕೆಯನ್ನು ಬೈದವರು ಇವರೇ. ತಾವು ಮೊಬೈಲ್ ಮುಟ್ಟುವವರಲ್ಲವೆಂದು ಬಸದಿಯ ಸಭೆಯಲ್ಲಿ ನಾಲ್ಕು ಜನರೆದುರು ಹೇಳಿಕೊಂಡವರೂ ಇವರೇ.

ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ 11.20ಕ್ಕೆ ಅವರನ್ನು ಬಂಧಿಸಲಾಯಿತು. ಹೇಳಿಕೆ ಬರೆಯುವಾಗ ಅವರು ಕೈ ಮುಗಿದರು. “ಸಾಹೇಬ್ರ, ಕಳ್ಳ ಅಂತ ಬೇಕಾರ ಬರಕೋರಿ. ಕುಸ್ತಿ ಮಾತು ಮಾತ್ರ ಬ್ಯಾಡ್ರಿ.”

ವಿಶ್ವಾಸ ಅದನ್ನೂ ಬರೆದರು. ಇಷ್ಟು ಸಣ್ಣ ನಾಚಿಕೆಗೆ ಒಬ್ಬ ಹೆಂಗಸಿನ ಅನ್ನ ಹೋಗಿತ್ತು. ಅದಕ್ಕೆ ತಾವೂ ಒಂದು ಕೈ ಹಚ್ಚಿದ್ದು ನೆನಪಾಗಿ ಅವರು ಪೆನ್ನು ಕೆಳಗಿಟ್ಟರು.

ಸಂಜೆ ಸತ್ತೆವ್ವನ ಮನೆಯ ಮುಂದೆ ಜೀಪು ನಿಂತು ವಿಶ್ವಾಸ ಇಳಿದರು. ಓಣಿಯವರು ಮತ್ತೆ ಹೊರಗೆ ಬಂದರು.

“ತಪ್ಪಾತ್ರಿ ಸತ್ತೆವ್ವಾರ. ನೀವು ಕದ್ದಿಲ್ಲ ಅಂತ ಗೊತ್ತಾತು.”

ಸತ್ತೆವ್ವ ಕುಳ್ಳು ತಟ್ಟುವುದನ್ನು ನಿಲ್ಲಿಸಲಿಲ್ಲ. “ನಾ ಕದ್ದಿಲ್ಲ ಅನ್ನೂದು ನನಗ ಮೊದ್ಲ ಗೊತ್ತಿತ್ರಿ. ಸಾಲ್ಯಾಗ ಹೋಗಿ ಹೇಳ್ರಿ.”

ಬುಧವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ವಿಶ್ವಾಸ ಶಾಲೆಗೆ ಹೋದರು. ಹೆಡ್‌ಮಾಸ್ತರರೂ ಇನ್ನೂರು ಮಕ್ಕಳೂ ನೋಡುತ್ತಿರುವಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಸತ್ತೆವ್ವ ಕಳ್ಳಿಯಲ್ಲ, ತಪ್ಪು ಪೊಲೀಸರದು ಎಂದು ಹೇಳಿದರು. ಹೇಳಿ ಮುಗಿಸುವವರೆಗೂ ಅವರಿಗೆ ತಲೆ ಎತ್ತಲಾಗಲಿಲ್ಲ.