ಬಾಲ್ಸಾ ಹಲಗೆಯ ಕೊನೆಯ ಅಚ್ಚು

ಮಾದರಿ ವಿಮಾನ ಕಟ್ಟುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವನು ತನ್ನ ಕೆಲಸದ ಕೋಣೆಯಲ್ಲೇ ಹೆಣವಾಗಿ ಬಿದ್ದಿದ್ದ. ತಲೆಯ ಹಿಂಭಾಗಕ್ಕೆ ಏಟು. ಮೇಜಿನ ಮೂಲೆಯಲ್ಲಿ ರಕ್ತ. ಮೇಜಿನ ಮೇಲೆ ಬಟ್ಟೆಯ ಇಸ್ತ್ರಿಪೆಟ್ಟಿಗೆ, ಪಕ್ಕದಲ್ಲಿ ಬಾಲ್ಸಾ ಎಂಬ ಹಗುರ ಮರದ ತೆಳ್ಳನೆಯ ಹಲಗೆ. ಅದರ ಮೇಲೆ ಕತ್ತರಿಸಬೇಕಾದ ರೆಕ್ಕೆಯ ಭಾಗಗಳ ಗೆರೆಗಳು ಇಸ್ತ್ರಿಯ ಬಿಸಿಗೆ ಹಾಳೆಯಿಂದ ಹೊಸದಾಗಿ ಅಚ್ಚಾಗಿದ್ದವು.

ಸಂಜೆ ಮೊದಲು ನೋಡಿದವನು ವಿಮಾನ ಒಯ್ಯಲು ಬಂದ ಗಿರಾಕಿ. ಪೊಲೀಸರಿಗೆ ಫೋನು ಮಾಡಿದವನೂ ಅವನೇ. "ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿ ಇತ್ತು ಸಾರ್," ಎಂದ. ಪಾಪ, ಆ ಮಾತೇ ಅವನಿಗೆ ಮುಳುವಾಯಿತು: ಕೊಲೆ ಆಗಷ್ಟೇ ನಡೆದಿದೆ ಎಂದು ಠಾಣೆಯವರು ಲೆಕ್ಕ ಹಾಕಿದರು.

ಮನೆಯಲ್ಲಿದ್ದದ್ದು ತಾಯಿ, ಸತ್ತ ದೊಡ್ಡ ಮಗ, ಚಿಕ್ಕ ಮಗ. ಚಿಕ್ಕವನು ಮಧ್ಯಾಹ್ನವೇ ಕಾರ್ಖಾನೆಗೆ ಹೋಗಿದ್ದ. ಅಲ್ಲಿ ಅವನನ್ನು ಕಂಡವರು ಹತ್ತಾರು ಜನ.

"ಚಿಕ್ಕೋನು ಹೋದ್ಮೇಲೂ ದೊಡ್ಡೋನು ಇಸ್ತ್ರಿ ಒತ್ತುತ್ತಾ ನಿಂತಿದ್ದ. ಕಣ್ಣಾರೆ ನೋಡ್ದೆ," ಎಂದಳು ತಾಯಿ. "ಆಮೇಲೆ ನಾನು ಹಿತ್ತಲಲ್ಲಿ ಬಟ್ಟೆ ಒಗೀತಿದ್ದೆ."

ಅಂದ ಮೇಲೆ ಉಳಿದವನು ಗಿರಾಕಿ ಒಬ್ಬನೇ. ವಿಮಾನ ತಡವಾಯಿತೆಂದು ಹಿಂದಿನ ದಿನ ಜಗಳವಾಡಿದ್ದ ಬೇರೆ. ಅವನನ್ನು ಒಳಗೆ ಕೂರಿಸಿ ಠಾಣೆಯವರು ಕೈತೊಳೆದುಕೊಂಡರು. ಇನ್ಸ್‌ಪೆಕ್ಟರಿಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಕೊಂದವನು ತಾನಾಗಿಯೇ ತನ್ನ ಕೊರಳಿಗೆ ಉರುಳು ಹಾಕಿಕೊಳ್ಳುವಷ್ಟು ದಡ್ಡನೇ?

* * *

ಮರುದಿನ ಇನ್ಸ್‌ಪೆಕ್ಟರ್ ಒಬ್ಬನೇ ಆ ಕೋಣೆಗೆ ಬಂದ. ಕಪಾಟಿನ ಹಳೆಯ ಹಲಗೆಗಳನ್ನು ಎಳೆದು ನೋಡಿದ. ಪ್ರತಿ ಭಾಗಕ್ಕೂ ಒಂದು ಅಂಕಿ. ಎಲ್ಲವೂ ನೆಟ್ಟಗಿದ್ದವು. ಮೇಜಿನ ಮೇಲಿನ ಹಲಗೆಯಲ್ಲಿ ಮಾತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ.

ಡ್ರಾಯರ್‌ನಲ್ಲಿ ಜೆರಾಕ್ಸ್ ಹಾಳೆಗಳಿದ್ದವು. ಅವುಗಳಲ್ಲಿ ಅಂಕಿಗಳೇ ಉಲ್ಟಾ. ಒಂದನ್ನು ಚೂರು ಹಲಗೆಯ ಮೇಲೆ ಬೋರಲು ಹಾಕಿ ಇಸ್ತ್ರಿ ಒತ್ತಿದ. ಮಸಿ ಮರಕ್ಕೆ ಇಳಿಯಿತು. ಅಂಕಿ ನೆಟ್ಟಗೆ ಬಂತು.

ಗೋಡೆಯತ್ತ ತಿರುಗಿದ. ಜೋಡಿಸುವಾಗ ನೋಡಿಕೊಳ್ಳಲೆಂದು ಅಂಟಿಸಿದ್ದ ನೆಟ್ಟಗಿನ ನಕ್ಷೆಗಳ ಸಾಲಿನಲ್ಲಿ ಒಂದು ಜಾಗ ಖಾಲಿ. ಆ ನಕ್ಷೆ ಮೇಜಿನ ಕೆಳಗೆ ಬಿದ್ದಿತ್ತು, ಮಸಿ ಬಿಟ್ಟು ಮಾಸಿತ್ತು. ಇನ್ಸ್‌ಪೆಕ್ಟರಿಗೆ ಇದು ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

* * *

"ಅಮ್ಮಾ, ಈ ಅಚ್ಚು ನಿಮ್ಮ ಮಗ ಒತ್ತಿದ್ದಲ್ಲ. ಅವನು ಅಂಕಿ ಉಲ್ಟಾ ಇರೋ ಹಾಳೆ ಇಟ್ಟು ಒತ್ತುತ್ತಿದ್ದ. ಇದನ್ನ ಒತ್ತಿದವರು ಗೋಡೆ ಮೇಲಿನ ನಕ್ಷೆ ಕಿತ್ತು ಇಟ್ಟಿದ್ದಾರೆ. ಅವನು ಇಸ್ತ್ರಿ ಒತ್ತೋದನ್ನ ದಿನಾ ನೋಡಿದ್ದಾರೆ. ಯಾವ ಹಾಳೆ ಅಂತ ಮಾತ್ರ ಗೊತ್ತಿಲ್ಲ."

ತಾಯಿ ಇನ್ಸ್‌ಪೆಕ್ಟರ್ ಮುಂದಿಟ್ಟ ಹಲಗೆಯನ್ನು ಪಕ್ಕಕ್ಕೆ ಸರಿಸಿದಳು.

"ಚಿಕ್ಕವನು ಹೋದ ಮೇಲೂ ಅಣ್ಣ ಬದುಕಿದ್ದ ಅಂತ ತೋರಿಸೋ ದರ್ದು ಆ ಗಿರಾಕಿಗೆ ಯಾಕಮ್ಮ? ಆ ಹೊತ್ತಲ್ಲಿ ಮನೇಲಿ ಇದ್ದವರು ನೀವೊಬ್ಬರೇ."

"ಮದುವೆ ಆಗ್ಬೇಕು, ಕೋಣೆ ಬಿಟ್ಕೊಡು ಅಂದ ಚಿಕ್ಕೋನು. ಇವನು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೀತು. ತಳ್ಳಿದ, ಒಂದೇ ಸಲ." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ದೊಡ್ಡೋನು ಹೋಗ್ಬಿಟ್ಟ ಅಂದ್ಕೊಂಡೆ. ನಾನೇ ಚಿಕ್ಕೋನ್ನ ಕೆಲಸಕ್ಕೆ ಅಟ್ಟಿದೆ. ಇರೋನೊಬ್ಬನಾದ್ರೂ ಉಳೀಲಿ ಅಂತ."

ಅಣ್ಣನ ಹೆಣ ತರಲು ಆಸ್ಪತ್ರೆಗೆ ಹೋಗಿದ್ದ ಚಿಕ್ಕವನನ್ನು ಹಿಡಿದು ತರಲು ಬಾಗಿಲಲ್ಲಿದ್ದ ಪೇದೆ ಹೊರಟ. ತಾಯಿ ಅವನನ್ನು ತಡೆಯಲಿಲ್ಲ.

"ಇಸ್ತ್ರಿ ಒತ್ತುವಾಗ ಹಿಂದೆ ನರಳಿದ ಹಾಗೆ ಕೇಳಿಸ್ತು. ತಿರುಗಿ ನೋಡೋಕೆ ಧೈರ್ಯ ಬರ್ಲಿಲ್ಲ. ಅದು ಭ್ರಮೆ ತಾನೇ, ಸಾರ್?"

ಏಟು ಬಿದ್ದ ಮೇಲೂ ಬಹಳ ಹೊತ್ತು ಉಸಿರಿತ್ತು, ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದರು. ಮುಂದೆ ನ್ಯಾಯಾಲಯದಲ್ಲಿ ಅದನ್ನೇ ಓದುತ್ತಾರೆ, ಇವಳ ಎದುರಿಗೇ.

"ಭ್ರಮೆ ಅಮ್ಮಾ," ಎಂದ ಇನ್ಸ್‌ಪೆಕ್ಟರ್.