ಮುಷ್ಕರದ ಸೀಸನ್ನಿನ ಮೂರು ಆಟಗಳು

"ನನ್ನ ಹೆಸರು ತೆಗೆದುಹಾಕಿ."

ಬಾಗಿಲಲ್ಲಿ ನಿಂತಿದ್ದ ಮನುಷ್ಯ ಒಳಗೂ ಬರಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ. ಮಾರ್ಲಾ ಕನ್ನಡಕದ ಮೇಲಿಂದ ಅವನನ್ನು ನೋಡಿದಳು.

ಬ್ರೆನ್‌ಫೀಲ್ಡ್ ಹ್ಯಾಮರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ದಾಖಲೆಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಯಾವ ಸೀಸನ್ನಿನಲ್ಲಿ ಎಷ್ಟು ಗೆಲುವು, ಎಷ್ಟು ಸೋಲು, ಯಾರು ಆಡಿದರು, ಯಾರು ಅಂಕ ಗಳಿಸಿದರು... ಎಲ್ಲವೂ ಸ್ಟೇಡಿಯಂ ಅಡಿಯ ಈ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳ ಕೈ ದಾಟಿಯೇ ಹೋಗಬೇಕು. ಇಲ್ಲಿಗೆ ಬರುವವರೆಲ್ಲ ಹೆಸರು ಸೇರಿಸಿ ಎನ್ನುವವರು. ನಮ್ಮ ತಾತ ಆಡಿದ್ದರು, ಯಾಕೆ ಬಿಟ್ಟಿರಿ ಎಂದು ಜಗಳಕ್ಕೆ ನಿಲ್ಲುವವರು. ತೆಗೆಯಿರಿ ಎಂದವನು ಇವನೊಬ್ಬನೇ.

"ಯಾವ ಹೆಸರು?"

"ಓರಿನ್ ಟೇಬರ್. ಎಂಬತ್ತೇಳನೇ ಇಸವಿ."

ಮಾರ್ಲಾಗೆ ಅರ್ಥವಾಯಿತು. ಆ ವರ್ಷ ಆಟಗಾರರೆಲ್ಲ ಮುಷ್ಕರ ಹೂಡಿದ್ದರು. ಕ್ಲಬ್ಬಿನವರು ಊರೂರಿನಿಂದ ಬದಲಿ ಆಟಗಾರರನ್ನು ಕರೆತಂದು ಮೂರು ಆಟ ಆಡಿಸಿದ್ದರು. ಉಕ್ಕಿನ ಕಾರ್ಖಾನೆಗಳ ಈ ಊರಿನಲ್ಲಿ, ಮುಷ್ಕರ ಮುರಿದವನ ಮುಖ ಯಾರೂ ನೋಡುವುದಿಲ್ಲ.

"ಆಡಿದ್ದು ನಿಜ ತಾನೆ?"

"ನಿಜ."

"ಮತ್ತೆ ಹೇಗೆ ತೆಗೀಲಿ?"

"ರಬ್ಬರ್ ತಗೊಂಡು ಉಜ್ಜಿ."

"ಈ ಕೋಣೇಲಿ ರಬ್ಬರ್ ಇಡಲ್ಲ ರೀ."

ಅವನ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋಟೋ ಅವನ ಕಣ್ಣಿಗೆ ಬಿತ್ತು. ಆ ಬದಲಿ ತಂಡದ್ದೇ. ಅರವತ್ತನೇ ಸೀಸನ್ನಿಗೆ ಬರಲಿರುವ ದಾಖಲೆ ಪುಸ್ತಕಕ್ಕಾಗಿ ಮಾರ್ಲಾ ವಾರಗಟ್ಟಲೆ ಅದರ ಮುಂದೆ ಕೂತಿದ್ದಳು. ಆಗಿನವರು ಆ ಮೂರು ಆಟಗಳನ್ನು ಎಷ್ಟು ಅಸಡ್ಡೆಯಿಂದ ಬರೆದಿಟ್ಟಿದ್ದರೆಂದರೆ, ಅರ್ಧ ಮುಖಗಳಿಗೆ ಪೂರ್ತಿ ಹೆಸರೇ ಇರಲಿಲ್ಲ.

"ಇವನು ಡೆಲ್ಬರ್ಟ್," ಎಂದ ಅವನು ಮೆಲ್ಲಗೆ. "ಹಾಲಿನ ಲಾರಿ ಓಡಿಸ್ತಿದ್ದ. ಹೋಗಿಬಿಟ್ಟ, ಪಾಪ."

ಮಾರ್ಲಾ ಒಂದು ಕುರ್ಚಿ ಎಳೆದು ಹಾಕಿದಳು.

ಅಂದಿನಿಂದ ಮಂಗಳವಾರ ಬಂತೆಂದರೆ ಓರಿನ್ ಬರುತ್ತಿದ್ದ. ಮನೆಗಳನ್ನು ಬೆಚ್ಚಗಿಡುವ ಬಾಯ್ಲರ್‌ಗಳ ರಿಪೇರಿ ಅವನ ಕಸುಬು. ಕೆಲಸ ಮುಗಿಸಿ ಕೈ ತೊಳೆದು, ಡಬ್ಬಿಯಲ್ಲಿ ಎಲೆಕೋಸಿನ ಎಲೆಯೊಳಗೆ ಮಾಂಸ ಸುತ್ತಿ ಬೇಯಿಸಿದ ಸುರುಳಿ ಹಿಡಿದು ಬರುವನು. ಒಬ್ಬ ಶಾಲೆಯ ಡ್ರಿಲ್ ಮೇಷ್ಟ್ರು, ಒಬ್ಬ ಬಾರಿನ ಕಾವಲುಗಾರ, ಒಬ್ಬ ಹೆಂಡತಿಗೆ ಹೇಳದೆ ಬಂದವನು... ಒಂದೊಂದೇ ಮುಖಕ್ಕೆ ಹೆಸರು ಸಿಕ್ಕಿತು. ಅವನು ಹೇಳಿದ್ದನ್ನೆಲ್ಲ ಮಾರ್ಲಾ ಆ ಕಾಲದ ಪತ್ರಿಕೆಗಳೊಂದಿಗೆ ತಾಳೆ ನೋಡುವಳು.

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಮ್ಮಮ್ಮ ಹೇಳಿದ್ರೂ ತಾಳೆ ನೋಡ್ತೀನಿ."

ಎಷ್ಟೋ ವರ್ಷಗಳ ಮೇಲೆ ಆ ಕೋಣೆಯಲ್ಲಿ ಇಬ್ಬರ ನಗು ಕೇಳಿಸಿತು. ಗಂಡ ಅರಿಜೋನಾಗೆ ಹೋದವನು ಅಲ್ಲಿಯೇ ಬೇರೊಂದು ಮನೆ ಮಾಡಿಕೊಂಡಾಗಿನಿಂದ, ಮಾರ್ಲಾಳ ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ. ಭಾನುವಾರ ಊರೆಲ್ಲ ಸ್ಟೇಡಿಯಂನಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುವಾಗ, ಅವಳು ಮೇಲಿನ ಗಾಜಿನ ಕೋಣೆಯಲ್ಲಿ ಒಬ್ಬಳೇ ಕೂತು ಯಾರು ಎಷ್ಟು ಗಜ ಓಡಿದರೆಂದು ಬರೆದುಕೊಳ್ಳುತ್ತಿದ್ದಳು. ಯಾವ ಆಟಗಾರ ಯಾವ ವರ್ಷ ಬಂದ, ಯಾವ ವರ್ಷ ಹೋದ ಎಂಬುದು ಅವಳಿಗೆ ಬಾಯಿಪಾಠ. ಅವಳು ಬಂದದ್ದು, ಹೋದದ್ದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ.

*ಈ ವಯಸ್ಸಿಗೆ ಇದೇನು ನನಗೆ... ಮಂಗಳವಾರ ಮಾತ್ರ ನೀಲಿ ಸ್ವೆಟರ್ ಹಾಕ್ಕೋತೀನಲ್ಲ...*

ಒಂದು ಸಂಜೆ ಅವನೇ ಬಾಯಿಬಿಟ್ಟ.

"ನಮ್ಮಪ್ಪ ಕಾರ್ಖಾನೆ ಯೂನಿಯನ್ನಿನ ಮುಂದಾಳು. ಆಟಗಾರರ ಪರವಾಗಿ ಸ್ಟೇಡಿಯಂ ಗೇಟಿನ ಹತ್ರ ನಿಂತಿದ್ದ. ನಾನು ಬದಲಿ ಆಟಗಾರರ ಬಸ್ಸಿನ ಒಳಗಿದ್ದೆ. ಕಿಟಕೀಲಿ ನನ್ನ ಕಂಡ... ಅಷ್ಟೇ. ಸಾಯೋವರೆಗೂ ಒಂದು ಮಾತಾಡ್ಲಿಲ್ಲ. ಚಿಕ್ಕಂದಿನಿಂದ ಈ ತಂಡಕ್ಕೆ ಆಡಬೇಕು ಅನ್ನೋ ಆಸೆ ಮಾರ್ಲಾ. ಕರೆದ್ರು, ಹೋಗಿಬಿಟ್ಟೆ." ಅವನು ಕಾಫಿ ಲೋಟವನ್ನೇ ನೋಡುತ್ತಿದ್ದ. "ಉಳಿದವರ ಹೆಸರೆಲ್ಲ ಹಾಕಿ. ನಂದೊಂದು ಬಿಟ್ಬಿಡಿ."

ಅವನ ಕೈ ಹಿಡಿಯಬೇಕೆನಿಸಿತು ಅವಳಿಗೆ. ಹಿಡಿಯಲಿಲ್ಲ.

"ಎರಡನೇ ಆಟದಲ್ಲಿ ಚೆಂಡು ಹಿಡಿದು ಗೆರೆ ದಾಟಿದ್ದು ನೀವು, ಗೆಲುವಿನ ಟಚ್‌ಡೌನ್ ನಿಮ್ಮದು. ಆ ಜಾಗಕ್ಕೆ ಯಾರನ್ನ ತಂದು ನಿಲ್ಲಿಸಲಿ ಓರಿನ್?"

ಅವನು ಎದ್ದು ಹೋದ. ಅವನಿಗಾಗಿ ಒಂದೇ ಒಂದು ಸುಳ್ಳು ಬರೆಯಲೇ ಎಂದು ಮಾರ್ಲಾ ಆ ಸಾಲಿನ ಮುಂದೆ ಬಹಳ ಹೊತ್ತು ಕೂತಳು. ಕೈ ಬರಲಿಲ್ಲ. ಅವನನ್ನು ಇಷ್ಟು ಮೆಚ್ಚಿಕೊಂಡು, ಅವನು ಇರಲೇ ಇಲ್ಲ ಎಂದು ಬರೆಯುವುದು ಹೇಗೆ?

ಆದರೆ ಆ ಕೆಲಸವನ್ನು ಬೇರೆಯವರು ಮಾಡಿದರು.

ಮುಂದಿನ ಮಂಗಳವಾರ ಪುಸ್ತಕದ ಅಚ್ಚಿನ ಕರಡು ಮೇಜಿಗೆ ಬಂತು. ಆ ಮೂರು ಆಟಗಳ ಕೆಳಗೆ ಒಂದೇ ಸಾಲು: "ಆಟಗಾರರ ವಿವರ ಲಭ್ಯವಿಲ್ಲ." ಮಾರ್ಲಾ ನೇರ ಮೇಲಿನ ಮಹಡಿಗೆ ಹೋಗಿ ಮ್ಯಾನೇಜರ್ ಕರ್ಟಿಸ್‌ನ ಮುಂದೆ ನಿಂತಳು.

"ಅರವತ್ತನೇ ಸೀಸನ್ನಿನ ಸಮಾರಂಭಕ್ಕೆ ಆಗ ಮುಷ್ಕರ ಮಾಡಿದ ಹಿರಿಯರೇ ಬರ್ತಿದ್ದಾರೆ ಮಾರ್ಲಾ. ಅವರ ಮುಂದೆ ಇವರ ಹೆಸರು ಯಾಕೆ? ಯಾರು ಓದ್ತಾರೆ ಬಿಡಿ," ಎಂದ ಅವನು.

ಜಗಳವಾಡಿ ಕೆಳಗೆ ಬರುವಷ್ಟರಲ್ಲಿ ಓರಿನ್ ಕರಡು ಹಿಡಿದು ನಿಂತಿದ್ದ.

"ನನ್ನೊಬ್ಬನದು ಬಿಡಿ ಅಂದೆ. ಅಷ್ಟೂ ಜನರನ್ನ ನನ್ನ ಬಾಯಿಂದಲೇ ಕೇಳಿ ತಿಳ್ಕೊಂಡು ಹೂತುಬಿಟ್ರಲ್ಲ. ಡೆಲ್ಬರ್ಟ್ ಏನು ಮಾಡಿದ್ದ ನಿಮಗೆ?"

"ಓರಿನ್, ಅದು ನಾನಲ್ಲ..."

ಅವನು ಆಗಲೇ ಮೆಟ್ಟಿಲು ಹತ್ತುತ್ತಿದ್ದ. ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು... ಎತ್ತಲಿಲ್ಲ.

ಮರುದಿನ ಅವಳು ಕರ್ಟಿಸ್‌ಗೆ ಹೇಳಿದಳು: "ಇದು ಸರಿಯಾದ ದಾಖಲೆ ಅಂತ ನಾನು ಸಹಿ ಹಾಕಲ್ಲ. ಹಾಕೋರು ಸಿಕ್ಕಿದ್ರೆ ಹಾಕಿಸ್ಕೊಳ್ಳಿ." ಇಪ್ಪತ್ತೇಳು ವರ್ಷದ ಕೆಲಸ ಬಿಟ್ಟು ಮನೆಗೆ ಬರುವಾಗ ಅವಳ ಕೈಯಲ್ಲಿದ್ದದ್ದು ಒಂದು ಕಾಫಿ ಲೋಟ, ಒಂದು ಸ್ವೆಟರ್.

ಭಾನುವಾರ ಬಂತು. ಸ್ಟೇಡಿಯಂನ ಗದ್ದಲ ಅಡುಗೆಮನೆಯ ಕಿಟಕಿಯವರೆಗೂ ಬರುತ್ತಿತ್ತು. ಕೂಗು ಎದ್ದಾಗಲೆಲ್ಲ ಅವಳು ಬಟ್ಟಲು ತೊಳೆಯುವುದನ್ನು ನಿಲ್ಲಿಸುವಳು. ಇದು ಆರಂಕದ ಟಚ್‌ಡೌನ್... ಇದು ಬರೀ ಮೂರಂಕ... ಲೆಕ್ಕ ತಾನಾಗಿ ನಡೆಯುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ.

ಕಣ್ಣೀರು ಬಂದದ್ದು ಕೆಲಸಕ್ಕಾಗಿಯೋ ಅವನಿಗಾಗಿಯೋ, ಅವಳಿಗೇ ತಿಳಿಯಲಿಲ್ಲ.

ಬುಧವಾರ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಓರಿನ್. ಭುಜದ ಮೇಲೆ ಹಿಮ ಕೂತಿತ್ತು.

"ನಿನ್ನೆ ಆಫೀಸಿಗೆ ಹೋಗಿದ್ದೆ," ಎಂದ. "ಹೋಗಬಾರದು ಅನ್ಕೊಂಡೆ. ಆದ್ರೆ ಮಂಗಳವಾರ ಇನ್ನೆಲ್ಲಿ ಇರಬೇಕು ಅಂತ ಗೊತ್ತಾಗ್ಲಿಲ್ಲ. ಕೋಣೆಗೆ ಬೀಗ. ಕಾವಲಿನವನು ಎಲ್ಲಾ ಹೇಳಿದ... ನಮ್ಮ ಹೆಸರಿಗೋಸ್ಕರ ಕೆಲಸ ಬಿಟ್ರಂತೆ."

"ಫೋನ್ ಎತ್ತಿದ್ರೆ ನಾನೇ ಹೇಳ್ತಿದ್ದೆ."

"ತಪ್ಪಾಯ್ತು." ಅವನು ಕಣ್ಣು ತಗ್ಗಿಸಿದ. "ಸೀದಾ ಕರ್ಟಿಸ್ ಹತ್ರ ಹೋದೆ. ಆಡಿದವನು ನಾನೇ, ಬದುಕಿದೀನಿ, ವಿವರ ಲಭ್ಯ ಇದೆ, ಬರ್ಕೊಳ್ಳಿ ಅಂದೆ. ಅಲ್ಲೇ ಆಗಿನ ಕ್ಯಾಪ್ಟನ್ ಕೂತಿದ್ದ, ಮುಷ್ಕರ ಮಾಡಿಸಿದವನು. ನನ್ನ ಮೇಲಿಂದ ಕೆಳಗೆ ನೋಡಿದ. ನನ್ನ ಕೈ ಏನೂ ಕುಲುಕಲಿಲ್ಲ. ಆದ್ರೆ ಕರ್ಟಿಸ್‌ಗೆ ಹೇಳಿದ, 'ಹಾಕಪ್ಪಾ. ನಾವು ಹೊರಗೆ ನಿಂತಿದ್ದು ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಒಳಗೆ ಯಾರಿದ್ರು ಅಂತಾನೂ ಇರಬೇಕು' ಅಂತ. ಎಲ್ಲಾ ಹೆಸರೂ ಬರ್ತಿದೆ. ನೀವೂ ವಾಪಸ್ ಬರಬೇಕಂತೆ."

"ಎಲ್ಲಾ ಅಂದ್ರೆ... ನಿಮ್ಮದೂ?"

"ನಂದೂ. ಅಪ್ಪ ಇದ್ದಿದ್ರೆ ಬೈತಿದ್ದ. ಬೈಲಿ. ಮಾತಾಡಿದ ಹಾಗಾದ್ರೂ ಆಗ್ತಿತ್ತು."

ಅವಳು ಈ ಸಲ ಅವನ ಕೈ ಹಿಡಿದಳು. ತಣ್ಣಗಿತ್ತು.

"ನಾಳೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಎಲ್ಲರ ಮನೇಲೂ ನೆಂಟರು ಸೇರಿ ಉಣ್ತಾರೆ," ಎಂದ ಓರಿನ್. "ಒಬ್ಬನಿಗೆ ಸಾಕಾಗೋ ಅಷ್ಟು ಚಿಕ್ಕ ಟರ್ಕಿ ಕೋಳಿ ಯಾವ ಅಂಗಡೀಲೂ ಸಿಗಲ್ಲ. ಪ್ರತಿ ವರ್ಷ ಹುಡುಕ್ತೀನಿ."

"ಅದಕ್ಕೆ?"

"ಅದಕ್ಕೆ... ಇನ್ಮೇಲೆ ಹುಡುಕೋದು ಬೇಡ ಅನ್ಸಿದೆ. ನಿನ್ನ ಬಿಟ್ಟಿರೋಕೆ ಆಗ್ತಿಲ್ಲ ಮಾರ್ಲಾ."

'ನೀವು' ಹೋಗಿ 'ನೀನು' ಬಂದದ್ದನ್ನು ಅವಳು ಗಮನಿಸಿದಳು.

"ನಿನಗೆ ಟರ್ಕಿ ಬೇಯಿಸೋಕೆ ಬರುತ್ತಾ?"

"ಒಣಗಿಸಿಬಿಡ್ತೀನಿ. ಪ್ರತಿ ಸಲ."

"ಹಾಗಾದ್ರೆ ಇಲ್ಲೇ ಮಾಡೋಣ. ಬೆಳಗ್ಗೆನೇ ಬಾ."

"ಬೆಳಗ್ಗೆ ಅಂದ್ರೆ ಎಷ್ಟೊತ್ತಿಗೆ?"

"ನಿನಗೆ ಎಚ್ಚರ ಆದ ತಕ್ಷಣ," ಎಂದಳು ಮಾರ್ಲಾ. "ನಾನು ಎದ್ದಿರ್ತೀನಿ."